ಕೊಕ್ಕರೆಯ ಕಾಲು

ನೋವಾಯ್, ಮಿಷಿಗನ್
೧೯ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಲತಾ,

ಈ ಪತ್ರ ನಿನ್ನ ಕೈ ಸೇರುವ ಮೊದಲು ಇನ್ನಿಬ್ಬರು ಓದಿರುತ್ತಾರೆ. ನಿನ್ನ ಜಾಮೀನಿನ ಷರತ್ತಿನಂತೆ ನೀನು ನಮ್ಮ ಮನೆಯವರ ಜೊತೆ ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ನಿನ್ನ ಲಾಯರ್‌ಗೆ ಫೋನ್ ಮಾಡಿ ದಾರಿ ಕೇಳಿದೆ. ಬರೆದು ತಂದುಕೊಡಿ, ಭಾಷಾಂತರ ಮಾಡಿಸಿ ಓದಿ ಆಮೇಲೆ ತಲುಪಿಸುತ್ತೇನೆ ಎಂದರು. ಇಂಗ್ಲಿಷಿನಲ್ಲೇ ಬರೆದರೆ ಬೇಗ ಆಗುತ್ತದೆ ಎಂದೂ ಸೇರಿಸಿದರು. ಆಗುವುದಿಲ್ಲ ಎಂದೆ. ಇಂಗ್ಲಿಷಿನಲ್ಲಿ ನಾನು ಬಹಳ ಚೆನ್ನಾಗಿ ಸುಳ್ಳು ಹೇಳುತ್ತೇನೆ. ಮೈಸೂರಿನ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ತಿದ್ದಿಸಿಕೊಂಡು ಕಲಿತ ಭಾಷೆ ಅದು, ಎಂಥ ಹೊತ್ತಿನಲ್ಲೂ ನಡುಗುವುದಿಲ್ಲ. ಆ ದಿನ ಹುಬ್ಬಿನಿಂದ ರಕ್ತ ಇಳಿದು ಬಾಯಿಗೆ ಬರುತ್ತಿರುವಾಗಲೂ ನಾನು ಪೊಲೀಸಿನವನಿಗೆ ಪೂರ್ತಿ ವಾಕ್ಯಗಳಲ್ಲಿ ಉತ್ತರ ಕೊಟ್ಟೆ. ನೀವು ತುಂಬ ಸಮಾಧಾನದಿಂದ ಇದ್ದೀರಿ ಮೇಡಂ ಎಂದು ಅವನು ಮೆಚ್ಚಿಕೊಂಡ. ಕನ್ನಡದಲ್ಲಿ ನನಗೆ ಆ ಚಾಕಚಕ್ಯತೆ ಇಲ್ಲ. ಅದೇ ಒಳ್ಳೆಯದು.

ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ಸೆಪ್ಟೆಂಬರ್ ಹದಿಮೂರರಂದು ನಮ್ಮ ವಿಕ್ಸಮ್ ಮನೆಯ ಅಂಗಳದಲ್ಲಿ ನಾನು ಕಾಲು ಜಾರಿ ಬೀಳಲಿಲ್ಲ. ನನ್ನ ಗಂಡ ಶ್ರೀಧರ್ ನನ್ನ ಕೂದಲು ಹಿಡಿದು ಮುಖವನ್ನು ಕಲ್ಲಿನ ಆನೆಗೆ ಬಡಿದ. ಎರಡು ಸಲ. ನಾನು ಪೊಲೀಸರಿಗೆ ಬಿದ್ದೆ ಎಂದೆ. ಅಂದಮೇಲೆ ಅವನು ಯಾರ ಮೇಲೂ ಕೈ ಮಾಡಿರಲಿಲ್ಲ, ನೀನು ಸುಮ್ಮನೆ ಬಂದು ಅವನ ಕಾಲು ಮುರಿದೆ ಎಂದಾಯಿತು. ನನ್ನ ಕಣ್ಣೆದುರಿಗೇ ನಿನ್ನ ಕೈಗೆ ಬೇಡಿ ಹಾಕಿದರು. ಇಪ್ಪತ್ತೆಂಟನೇ ತಾರೀಖು ನೀನು ಕೋರ್ಟಿನಲ್ಲಿ ನಿಲ್ಲಬೇಕು. ಆಯುಧದಿಂದ ಹಲ್ಲೆ ಎಂದು ಸಾಬೀತಾದರೆ ನಿನ್ನ ವೀಸಾ ಹೋಗುತ್ತದೆ, ಹದಿಮೂರು ವರ್ಷದಿಂದ ಕಾಯುತ್ತಿರುವ ಗ್ರೀನ್ ಕಾರ್ಡ್ ಹೋಗುತ್ತದೆ, ನೀನೂ ನಿನ್ನ ಗಂಡ ಸುದೀಪನೂ ಡೆಸ್ ಪ್ಲೇನ್ಸ್‌ನ ಮನೆ ಖಾಲಿ ಮಾಡಿ ವಿಮಾನ ಹತ್ತಬೇಕು. ಇದೆಲ್ಲ ಗೊತ್ತಿದ್ದೂ ನಾನು ಐದು ವಾರ ಸುಮ್ಮನಿದ್ದೆ.

ಇಷ್ಟು ವರ್ಷ ನಿನ್ನ ಹತ್ತಿರ ಅವನನ್ನು "ಅವರು" ಎಂದೇ ಹೇಳುತ್ತಿದ್ದೆ. ಈಗ ಆ ಬಹುವಚನ ಪೆನ್ನಿಗೆ ಬರುತ್ತಿಲ್ಲ. ಕ್ಷಮಿಸು ಎಂದು ಬರೆಯಲು ಹೋದೆ, ಯಾರಲ್ಲಿ ಕೇಳುತ್ತಿದ್ದೇನೆ ಎಂದು ತಿಳಿಯದೆ ಬಿಟ್ಟೆ.

ಆ ಶನಿವಾರ ಅಡುಗೆಮನೆಯಲ್ಲಿ ನಾನು ನಿನಗೆ ಹೇಳಿದ್ದು ನಾಲ್ಕೇ ಮಾತು. ಉಳಿದದ್ದನ್ನು ಹೇಳದೆ ನಿನಗೆ ಇದು ಪೂರ್ತಿ ಅರ್ಥವಾಗದು, ಓದುವ ಪರಕೀಯರಿಗಂತೂ ಆಗುವುದೇ ಇಲ್ಲ.

ಮೊದಲನೆಯದು ಹಂದಿ. ೨೦೧೬ರ ಜೂನ್. ವಾರೆನ್‌ನಲ್ಲಿ ಅವನ ಜೊತೆ ಕೆಲಸ ಮಾಡುವ ಮೂರು ಸಂಸಾರಗಳು ಊಟಕ್ಕೆ ಬಂದಿದ್ದವು. ನಯಾಗರಕ್ಕೆ ಹೋಗುವಾಗ ಇವರು ಹೆದ್ದಾರಿಯ ಎಕ್ಸಿಟ್ ತಪ್ಪಿಸಿಕೊಂಡು ನಲವತ್ತು ಮೈಲಿ ಸುತ್ತಿಸಿದರು ಎಂದು ನಾನು ನಗುತ್ತ ಹೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಎಲ್ಲರನ್ನೂ ಕಾರಿನವರೆಗೆ ಕಳಿಸಿ ಬಂದು, ಬಾಗಿಲು ಹಾಕಿ, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಹೊಡೆದ. ಗಡಿಯಾರ ಬಿಚ್ಚಿಟ್ಟದ್ದು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಕೋಪ ಬಂದವನಿಗೆ ಗಡಿಯಾರದ ನೆನಪಿರುತ್ತದೆಯೇ? ನನ್ನ ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿಹೋಯಿತು. ನಾಲ್ಕು ಹೊಲಿಗೆ.

ಅವನು ತಪ್ಪಾಯಿತು ಎನ್ನಲಿಲ್ಲ. ಮುಂದಿನ ಶನಿವಾರ ಕಲ್ಲಿನ ಯಾರ್ಡಿಗೆ ಹೋಗಿ, ಹೊಲಗಳಲ್ಲಿ ಸಿಗುವ ಗುಂಡುಗಲ್ಲೊಂದನ್ನು ತಂದ. ಕಬ್ಬಿಣದ ಸರಳು ಕತ್ತರಿಸಿ ನಾಲ್ಕು ಸಣ್ಣ ಕಾಲು ಮಾಡಿ, ಕಾಲ್ಬೆರಳ ತುದಿಯ ಮೇಲೆ ನಿಂತಂತೆ ಬೆಸೆದ. ಬಾಲಕ್ಕೆ ಹಳೆಯ ಸ್ಪ್ರಿಂಗ್. ಕಣ್ಣಿಗೆ ಬೇರಿಂಗಿನ ಗುಂಡು. ಎರಡು ವಾರದ ಮೇಲೆ ಮುಂಬಾಗಿಲಲ್ಲಿ ಒಂದು ಹಂದಿ ತುದಿಗಾಲಲ್ಲಿ ನಿಂತು, ಕದ್ದು ತಿನ್ನಲು ಹೊರಟ ಹಾಗೆ ಒಳಗೆ ಇಣುಕುತ್ತಿತ್ತು. ನಮ್ಮ ಮಗಳು ರಿಯಾಗೆ ಆಗ ಏಳು ವರ್ಷ. ಅದನ್ನು ತಬ್ಬಿಕೊಂಡು ಬಿಡಲಿಲ್ಲ. ನಾನೂ ನಕ್ಕೆ ಲತಾ. ಹೊಲಿಗೆ ಹಾಕಿದ ತುಟಿ ಬಿರಿದು ನೋವಾಯಿತು, ಆದರೂ ನಕ್ಕೆ. ಅಷ್ಟು ಚೆನ್ನಾಗಿತ್ತು.

ಆಮೇಲೆ ಅದೇ ಕ್ರಮವಾಯಿತು. ಪಕ್ಕೆಲುಬು ಬಿರುಕು ಬಿಟ್ಟದ್ದಕ್ಕೆ ಕೊಕ್ಕರೆ. ಬಾಗಿಲ ಸಂದಿಯಲ್ಲಿ ಸಿಕ್ಕಿದ ಬೆರಳಿಗೆ, ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡ ಆಮೆ. ಹೊಟ್ಟೆಗೆ ಒದ್ದದ್ದಕ್ಕೆ, ಕಾರಿನ ಸೈಲೆನ್ಸರ್ ಪೈಪಿನ ಸೊಂಡಿಲಿನ ಆನೆಮರಿ. ನಮ್ಮ ಬಡಾವಣೆಯ ಮಕ್ಕಳು ಎಲ್ಲಕ್ಕೂ ಹೆಸರಿಟ್ಟಿದ್ದರು. ಸಂಜೆ ನಾಯಿ ಹಿಡಿದು ನಡೆಯುವವರು ನಿಂತು ಫೋಟೋ ತೆಗೆಯುತ್ತಿದ್ದರು. ಬಂದವರ ಮುಂದೆ ಅವನು, "ನಾನೇನೂ ಮಾಡಲ್ಲ, ಯಾವ ಪ್ರಾಣಿ ಅಂತ ಕಲ್ಲೇ ಹೇಳತ್ತೆ," ಎನ್ನುತ್ತಿದ್ದ. ಪ್ರತಿಯೊಂದನ್ನೂ ಮುಗಿಸಿದ ದಿನ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಚಿತ್ರ ಹಾಕಿ, ಅಂಗಳಕ್ಕೆ ಹೊಸ ಗೆಳೆಯ ಬಂದ ಎಂದು ಬರೆಯುತ್ತಿದ್ದ. ನೀನೂ ಅದಕ್ಕೆಲ್ಲ ಹೃದಯ ಒತ್ತಿದ್ದೀಯ. ನಾನೂ ಒತ್ತಿದ್ದೇನೆ.

ಒಂದನ್ನು ಯಾರಿಗೂ ಹೇಳಿಲ್ಲ. ಕಲ್ಲಿಗೆ ತೂತು ಕೊರೆಯುವಾಗ ಒಬ್ಬರು ನೀರು ಬಿಡುತ್ತಿರಬೇಕು. ಇಲ್ಲದಿದ್ದರೆ ಡ್ರಿಲ್ ಕಾದು ಕಲ್ಲು ಸಿಡಿಯುತ್ತದೆ. ಆ ನೀರಿನ ಪೈಪು ಹಿಡಿಯುತ್ತಿದ್ದವಳು ನಾನು. ಪ್ರತಿ ಸಲವೂ. ಪಕ್ಕೆಗೆ ಪಟ್ಟಿ ಸುತ್ತಿಕೊಂಡು, ಬಗ್ಗಲಾರದೆ ಬಗ್ಗಿ, ಗ್ಯಾರೇಜಿನಲ್ಲಿ ಎರಡೆರಡು ಗಂಟೆ ನೀರು ಬಿಟ್ಟಿದ್ದೇನೆ. ಬೂದು ಬಣ್ಣದ ಕೆಸರು ನನ್ನ ಪಾದದ ಮೇಲೆ ಹರಿಯುತ್ತಿತ್ತು. "ಸ್ವಲ್ಪ ಎಡಕ್ಕೆ, ನಿರು... ಹಾಂ, ಅಲ್ಲೇ," ಎಂದು ಅವನು ಮೃದುವಾಗಿ ಹೇಳುವಾಗ ನನಗೆ ಇದೇ ಸಂಸಾರ ಎನ್ನಿಸುತ್ತಿತ್ತು. ಹೊಡೆತ ತಿಂದವಳೂ ನಾನೇ, ಅದಕ್ಕೆ ಪ್ರಾಯಶ್ಚಿತ್ತದ ಕೆಲಸದಲ್ಲಿ ಕೂಲಿಯವಳೂ ನಾನೇ. ಆಗ ಇದು ಹೊಳೆಯಲಿಲ್ಲವೇ ಎಂದು ನೀನು ಕೇಳಬಹುದು. ಹೊಳೆದಿತ್ತು. ಆದರೂ ಪೈಪು ಬಿಡಲಿಲ್ಲ.

ಇನ್ನು ನಿನ್ನ ಗೂಬೆ. ನಿಮ್ಮ ಗೃಹಪ್ರವೇಶಕ್ಕೆ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಇನ್ನೂರ ಎಂಬತ್ತು ಮೈಲಿ ತಂದೆನಲ್ಲ. ನಿನ್ನ ಅತ್ತೆ ಲಲಿತಮ್ಮನವರು ನೋಡಿ, "ಶುಭ ಕಾರ್ಯಕ್ಕೆ ಯಾರಾದ್ರೂ ಗೂಬೆ ಕೊಡ್ತಾರೇನಮ್ಮ?" ಎಂದು ಗಾಬರಿಯಾದರು. "ಇದು ಅಮೆರಿಕದ ಗೂಬೆ ಅತ್ತೆ, ಇದಕ್ಕೆ ಅಪಶಕುನ ಗಿಪಶಕುನ ಗೊತ್ತಿಲ್ಲ," ಎಂದು ನೀನು ಅದರ ಹಣೆಗೂ ಕುಂಕುಮ ಇಟ್ಟೆ. ಮನೆ ತುಂಬ ನಗು. ಆ ಗೂಬೆ ನನ್ನ ಎಡಗಿವಿ ಲತಾ. ತೆರೆದ ಅಂಗೈಯಿಂದ ಹೊಡೆದ, ಒಳಗೆ ಏನೋ ಹರಿಯಿತು. ಆಮೇಲೆ ಆ ಕಡೆಯಿಂದ ಬರುವುದು ಬರಿಯ ಗುಂಯ್‌ಗುಡುವ ಸದ್ದು. ಅದನ್ನು ದಿನಾ ನೋಡಲಾರದೆ ನಿನಗೆ ಕೊಟ್ಟೆ. ನಮ್ಮವರಲ್ಲಿ ತಾಂಬೂಲದ ಜೊತೆ ಬಂದ ಬ್ಲೌಸ್ ಪೀಸನ್ನು ಇನ್ನೊಬ್ಬರಿಗೆ ದಾಟಿಸುತ್ತೇವಲ್ಲ, ಹಾಗೆ ದಾಟಿಸಿದೆ. ನೀನು ಮೂರು ವರ್ಷ ಅದನ್ನು ಬಾಗಿಲಲ್ಲಿ ಇಟ್ಟುಕೊಂಡೆ, ಯುಗಾದಿಗೆ ಅದಕ್ಕೆ ಹೂ ಮುಡಿಸಿ ಫೋಟೋ ಕಳಿಸಿದೆ. "ಏನೇ, ಫೋನ್ ಯಾವಾಗ್ಲೂ ಬಲಗಿವಿಗೇ ಹಿಡ್ಕೊತೀಯ, ಎಡಗಿವಿ ಯಾರಿಗೆ ಬಾಡಿಗೆಗೆ ಕೊಟ್ಟಿದ್ದೀಯ?" ಎಂದು ನೀನು ರೇಗಿಸುತ್ತಿದ್ದೆ. ನಾನು ಮಾತು ತಿರುಗಿಸುತ್ತಿದ್ದೆ.

ಆ ಶನಿವಾರ ನೀನು ನನ್ನ ಮಣಿಕಟ್ಟು ನೋಡಿದೆ. ಬಳೆ ಒಡೆದು ಚುಚ್ಚಿಕೊಂಡಿತು ಎಂದೆ. "ಬಳೆ ಎಲ್ಲೇ? ನೀನು ಬಳೆ ಹಾಕಿದ್ದನ್ನ ನಾನು ನೋಡೇ ಇಲ್ವಲ್ಲೇ," ಎಂದೆ ನೀನು. ಕಿಟಕಿಯ ಆಚೆ ಆ ಪ್ರಾಣಿಗಳೆಲ್ಲ ಬಿಸಿಲಿನಲ್ಲಿ ನಗುತ್ತ ನಿಂತಿದ್ದವು. ಕೈ ತೋರಿಸಿ ಹೇಳಿದೆ. ಆ ಹಂದಿ ನನ್ನ ತುಟಿ. ಕೊಕ್ಕರೆ ನನ್ನ ಪಕ್ಕೆ. ಆಮೆ ಬೆರಳು. ನಿನ್ನ ಗೂಬೆ ನನ್ನ ಕಿವಿ. ಅಷ್ಟೇ. ನೀನು ತಟ್ಟೆಯಲ್ಲಿದ್ದ ಚಿತ್ರಾನ್ನವನ್ನು ಸಿಂಕಿನ ಪಕ್ಕ ಇಟ್ಟು, ಕೈ ತೊಳೆದು, ಗ್ಯಾರೇಜಿಗೆ ಹೋಗಿ, ದೊಡ್ಡ ಸುತ್ತಿಗೆ ಎತ್ತಿಕೊಂಡು ಹೊರಗೆ ನಡೆದೆ.

ನಾನು ತಡೆಯಲಿಲ್ಲ. ಇದನ್ನೂ ಬರೆದಿಡಬೇಕು. ಅವನು ವೆಲ್ಡಿಂಗ್ ಸಾಮಾನು ತರಲು ಹೋಗಿದ್ದಾನೆ, ಒಂದು ಗಂಟೆಯೊಳಗೆ ಬರುತ್ತಾನೆ ಎಂದು ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಹೇಳಬಹುದಿತ್ತು. ಮೊದಲ ಏಟಿಗೆ ಹಂದಿಯ ಮುಖ ಎರಡು ಹೋಳಾಯಿತು. ಕಲ್ಲು ಒಡೆಯುವ ಸದ್ದು ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ, ಒಣ ತೆಂಗಿನಕಾಯಿ ಒಡೆದ ಹಾಗಿತ್ತು. ಆಮೆಗೆ ಮೂರು ಏಟು ಬೇಕಾಯಿತು. ಅದರ ಶಾಲೆಯ ಚೀಲ ಹಾರಿ ಪಕ್ಕದ ಮನೆಯ ಹುಲ್ಲಿಗೆ ಬಿತ್ತು. ಕೊಕ್ಕರೆಯನ್ನು ನೀನು ಮೊದಲು ಒದ್ದು ಉರುಳಿಸಿ ಆಮೇಲೆ ಒಡೆದೆ. ನಿನ್ನ ಬಾಯಿಂದ ಬೈಗುಳ ಬರುತ್ತಿದ್ದವು, ಅವನ ಅಪ್ಪ, ಅಜ್ಜ, ಇಡೀ ವಂಶವನ್ನೇ ನೀನು ಬಿಡಲಿಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ನಿನಗೆ ಅಷ್ಟು ಬೈಗುಳ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಎದೆಯಲ್ಲಿ ಭಯವಿರಲಿಲ್ಲ. ಏನಿತ್ತೋ ಅದಕ್ಕೆ ಹೆಸರು ಸಿಗುತ್ತಿಲ್ಲ, ಹಸಿದವರಿಗೆ ಊಟದ ವಾಸನೆ ಬಂದಾಗ ಆಗುವಂಥದ್ದು.

ಅವನ ಕಾರು ಬಂತು. ಎಂಜಿನ್ ಆಫ್ ಮಾಡದೆ ಇಳಿದ. ಒಡೆದ ಮೂರನ್ನೂ ನೋಡಿದ, ನಿನ್ನ ಕೈಯ ಸುತ್ತಿಗೆ ನೋಡಿದ, ನಿನ್ನನ್ನು ದಾಟಿ ನೇರ ನನ್ನ ಹತ್ತಿರ ಬಂದ. "ಇವಳಿಗೆ ಹೇಳಿದ್ಯಾ?" ಎಂದ. ಅಷ್ಟೇ ಕೇಳಿದ್ದು. ಮೆಟ್ಟಿಲಿನಿಂದ ಕೂದಲು ಹಿಡಿದು ಎಳೆದುಕೊಂಡು ಹೋಗಿ ಆನೆಯ ಬೆನ್ನಿಗೆ ನನ್ನ ಮುಖ ಬಡಿದ. ಒಂದು ಸಲಕ್ಕೆ ಹುಬ್ಬು ಒಡೆಯಿತು. ಎರಡನೆಯ ಸಲಕ್ಕೆ ಕೆನ್ನೆಯ ಮೂಳೆ. ನೀನು ಸುತ್ತಿಗೆ ಬಿಸಾಡಿ ಅವನ ಅಂಗಿ ಹಿಡಿದು ಎಳೆದೆ. ನೆನಪಿಟ್ಟುಕೊಳ್ಳಲಿ ಓದುವವರು: ಬಿಸಾಡಿದೆ. ಬೇಕಿದ್ದರೆ ಅಲ್ಲೇ ಅವನ ತಲೆ ಒಡೆಯಬಹುದಿತ್ತು. ಅವನು ನನ್ನನ್ನು ಬಿಟ್ಟು ನಿನ್ನ ಕಡೆ ತಿರುಗಿದ, ಗ್ಯಾರೇಜ್ ಬಾಗಿಲಿಗೆ ಒತ್ತಿ ಎರಡೂ ಕೈಯಿಂದ ನಿನ್ನ ಕುತ್ತಿಗೆ ಹಿಡಿದ. ನಿನ್ನ ಚಪ್ಪಲಿ ಕಳಚಿಬಿತ್ತು. ನಿನ್ನ ಕಾಲ್ಬೆರಳು ನೆಲ ಹುಡುಕುತ್ತಿದ್ದವು.

ಆಮೇಲಿನದು ನಮ್ಮಿಬ್ಬರಿಗೂ ಗೊತ್ತಿದೆ. ಒಡೆದ ಕೊಕ್ಕರೆಯ ಕಾಲು, ನಾಲ್ಕಡಿ ಸರಳು, ತುದಿಯಲ್ಲಿ ಮುಷ್ಟಿ ಗಾತ್ರದ ಕಲ್ಲು ಇನ್ನೂ ಅಂಟಿಕೊಂಡೇ ಇತ್ತು. ಅದು ಅವನ ಮೊಣಕಾಲಿಗೆ ಬಿತ್ತು, ಅವನು ನೆಲಕ್ಕೆ ಬಿದ್ದ. ಪಕ್ಕದ ಮನೆಯವರು ಯಾವಾಗಲೋ ಫೋನ್ ಮಾಡಿದ್ದರು. ಪೊಲೀಸರು ಬಂದಾಗ ನಿನ್ನ ಗಂಟಲಿನಿಂದ ದನಿ ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ ಅವರು ಕೇಳಿದ ಮೊದಲ ಪ್ರಶ್ನೆಗೇ ನೀನು, ನಾನು ಹೊಡೆದೆ ಎಂದೆ. ಕೊರಳ ಪಟ್ಟೆಗಳು ಅಷ್ಟು ಬೇಗ ನೀಲಿಯಾಗಿರಲಿಲ್ಲ. ಆಮೇಲೆ ನನ್ನನ್ನು ಕೇಳಿದರು. ಒಂಬತ್ತು ವರ್ಷದ ಅಭ್ಯಾಸ, ನಾಲಿಗೆ ತಾನೇ ಹೊರಳಿತು. ಬಿದ್ದೆ ಎಂದೆ. ಆ ಮಾತು ಮುಗಿಯುವ ಮೊದಲೇ ನಾನು ನಿನ್ನ ಮುಖ ನೋಡಿದೆ. ನೀನು ನನ್ನನ್ನು ನೋಡುತ್ತಿರಲಿಲ್ಲ, ನೆಲದ ಮೇಲಿದ್ದ ನಿನ್ನ ಚಪ್ಪಲಿ ನೋಡುತ್ತಿದ್ದೆ.

ಇದಕ್ಕಿಂತ ಕೆಟ್ಟ ಕೆಲಸವನ್ನು ನಾನು ಆಮೇಲೆ ಮಾಡಿದೆ. ಅದು ನಿನಗೆ ನಿನ್ನ ಲಾಯರ್ ಮೂಲಕ ತಿಳಿದಿದೆ, ಹೇಗಾಯಿತು ಎಂಬುದು ತಿಳಿದಿಲ್ಲ. ಮರುವಾರ ಕನ್ನಡ ಕೂಟದ ರವಿಶಂಕರ ಅಂಕಲ್ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. ಶ್ರೀಧರ್ ಶಸ್ತ್ರಚಿಕಿತ್ಸೆ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಕಾಫಿ ಮಾಡಿದೆ.

"ನೋಡಮ್ಮ ನಿರುಪಮಾ, ಇದು ಮನೆ ವಿಷಯ," ಎಂದರು ಅಂಕಲ್. "ಕೋರ್ಟು ಕಚೇರಿ ಅಂತ ಹೋದ್ರೆ ಇಬ್ಬರ ಮರ್ಯಾದೇನೂ ಹೋಗತ್ತೆ. ಆ ಹುಡುಗಿ ವೀಸಾ ಮೇಲಿದಾಳೆ, ಪಾಪ. ನೀನೊಂದು ಲೆಟರ್ ಬರ್ಕೊಟ್ಬಿಡು, ಇವನು ಕಂಪ್ಲೇಂಟ್ ವಾಪಸ್ ತೊಗೋತಾನೆ. ಅಲ್ವೇನಪ್ಪ ಶ್ರೀಧರ್?"

"ತೊಗೋತೀನಿ ಅಂಕಲ್. ಇವಳು ಮನೇಲಿ ಸರಿಯಾಗಿದ್ರೆ ಸಾಕು," ಎಂದ ಅವನು.

"ಅಷ್ಟೇ ಅಲ್ವಾ! ಎರಡೂ ಕಡೆ ರಾಜಿ. ಮುಗೀತು," ಎಂದು ಅಂಕಲ್ ಕಾಫಿ ಕುಡಿದರು.

ಲೆಟರನ್ನು ಶ್ರೀಧರ್ ಮೊದಲೇ ಸಿದ್ಧ ಮಾಡಿಟ್ಟಿದ್ದ. ಲತಾಶ್ರೀಗೆ ಮಾನಸಿಕ ಒತ್ತಡವಿದೆ, ಕಾರಣವಿಲ್ಲದೆ ನಮ್ಮ ಆಸ್ತಿ ಒಡೆದಳು, ನನ್ನ ಗಂಡ ನನ್ನ ಮೇಲೆ ಎಂದೂ ಕೈ ಎತ್ತಿಲ್ಲ, ಆದರೂ ನಾವು ಆಕೆಯನ್ನು ಕ್ಷಮಿಸಿದ್ದೇವೆ. ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಓದಿದೆ, ಎರಡು ಕಡೆ ವ್ಯಾಕರಣ ತಿದ್ದಿದೆ, ಸಹಿ ಹಾಕಿದೆ. ಕ್ಷಮಿಸಿದ್ದೇವೆ ಎಂಬ ಆ ಕೊನೆಯ ಮಾತಿನಿಂದ ನೀನು ಬಿಡುಗಡೆಯಾಗುತ್ತೀಯ ಎಂದು ನಂಬಿದ್ದೆ. ಇಪ್ಪತ್ತು ವರ್ಷ ಈ ದೇಶದಲ್ಲಿದ್ದೂ ನಮಗೆ ಮೂವರಿಗೂ ಇಲ್ಲಿನ ಕೇಸು ಹೊಡೆಸಿಕೊಂಡವನದಲ್ಲ, ಸರ್ಕಾರದ್ದು ಎಂಬುದು ಗೊತ್ತಿರಲಿಲ್ಲ. ವಾಪಸ್ ತೆಗೆದುಕೊಳ್ಳಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಆ ಕಾಗದ ಸರ್ಕಾರಿ ವಕೀಲರ ಫೈಲಿಗೆ ನಿನ್ನ ವಿರುದ್ಧದ ಸಾಕ್ಷಿಯಾಗಿ ಹೋಗಿ ಕೂತಿತು. ಫೋನ್ ಮಾಡಿ ಅಳುತ್ತ ಹೇಳಿದಾಗ ಅಂಕಲ್, "ನಂಗೇನು ಗೊತ್ತಮ್ಮ, ನಮ್ಮೂರಲ್ಲಾದ್ರೆ ಸ್ಟೇಷನ್‌ನಲ್ಲೇ ಮುಗ್ದುಹೋಗ್ತಿತ್ತು," ಎಂದರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಶ್ರೀಧರ್‌ನ ದನಿಯಲ್ಲಿ ಇರಲಿಲ್ಲ. ಅವನಿಗೆ ಗೊತ್ತಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಐದು ವಾರ ಅವನ ಕಾಲಿಗೆ ಐಸ್ ಇಟ್ಟೆ. ಮಾತ್ರೆ ಕೊಟ್ಟೆ. ಒಂದು ದಿನ ಸಾರು ತಣ್ಣಗಿದೆ ಎಂದು ಊರುಗೋಲಿನಿಂದ ನನ್ನ ಕಣಕಾಲಿಗೆ ಬಡಿದ, ಕೂತಲ್ಲಿಂದಲೇ. ಎದ್ದು ನಿಲ್ಲಲಾಗದವನು ಹೊಡೆದರೂ ನಾನು ಹಿಂದೆ ಸರಿಯಲಿಲ್ಲ, ಅವನ ಕೋಲಿಗೆ ಎಟುಕುವ ಜಾಗದಲ್ಲೇ ನಿಂತಿದ್ದೆ. ಅದನ್ನು ನೆನೆದರೆ ನನ್ನ ಬಗ್ಗೆ ನನಗೇ ಹೆದರಿಕೆಯಾಗುತ್ತದೆ.

ಮೊನ್ನೆ ಬುಧವಾರ ಅವನು ಕಲ್ಲಿನ ಯಾರ್ಡಿಗೆ ಕರೆದುಕೊಂಡು ಹೋಗು ಎಂದ. ಡ್ರೈವ್ ಮಾಡಿಕೊಂಡು ಹೋದೆ. ಉದ್ದನೆಯ, ಕೆಂಪು ಗೆರೆಯ ಕಲ್ಲೊಂದನ್ನು ಆರಿಸಿದ. "ಕುದುರೆ ಆಗತ್ತೆ ನೋಡು, ನಗೋ ಕುದುರೆ," ಎಂದ. ಗುರುವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಡ್ರಿಲ್ ಹಚ್ಚಿದ. ನಾನು ಪೈಪು ಹಿಡಿದೆ. ರಿಯಾ ಶಾಲೆಯಿಂದ ಬಂದಳು. ಈಗ ಅವಳಿಗೆ ಹದಿನಾರು, ನನಗಿಂತ ಎತ್ತರ. ಬಾಗಿಲಲ್ಲಿ ನಿಂತು ಕಲ್ಲನ್ನು ನೋಡಿದಳು, ಇನ್ನೂ ಹಳದಿ ಇಳಿಯದ ನನ್ನ ಕೆನ್ನೆಯನ್ನು ನೋಡಿದಳು. ಯಾವಾಗಿನಂತೆ ಇಂಗ್ಲಿಷಿನಲ್ಲೇ, ತುಂಬ ಮಾಮೂಲಿನ ದನಿಯಲ್ಲಿ ಕೇಳಿದಳು: ಅಮ್ಮಾ, ಇದು ನಿನ್ನ ಕೆನ್ನೆಯದೋ, ಕಣಕಾಲಿನದೋ?

ಡ್ರಿಲ್ ನಿಂತಿತು. ನಾನು ಅವಳಿಗೆ ಎಂದೂ ಹೇಳಿರಲಿಲ್ಲ ಲತಾ. ಗೋಡೆಗಳು ದಪ್ಪವಿವೆ, ಅವಳು ಕಿವಿಗೆ ಹಾಡು ಹಾಕಿಕೊಂಡಿರುತ್ತಾಳೆ ಎಂದುಕೊಂಡಿದ್ದೆ. ಹಂದಿಯನ್ನು ತಬ್ಬಿಕೊಂಡ ಏಳು ವರ್ಷದ ಮಗುವಿಗೆ ಯಾವಾಗ ತಿಳಿಯಿತೋ, ಎಷ್ಟನೆಯ ಪ್ರಾಣಿಗೆ ತಿಳಿಯಿತೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಶ್ರೀಧರ್ ಕೈಯಲ್ಲಿದ್ದ ಇಕ್ಕಳವನ್ನು ಅವಳತ್ತ ಎಸೆದ. ಅವಳ ತಲೆಯ ಪಕ್ಕದ ಗೋಡೆಗೆ ಬಡಿದು ಪ್ಲಾಸ್ಟರ್ ಉದುರಿತು. ಅವಳು ಕದಲಲಿಲ್ಲ. ನನ್ನ ಹಾಗೆಯೇ, ಎಟುಕುವ ಜಾಗದಲ್ಲೇ ನಿಂತಿದ್ದಳು.

ನಾನು ಪೈಪು ಕೆಳಗೆ ಹಾಕಿದೆ. ನೀರು ನಿಲ್ಲಿಸಲಿಲ್ಲ. ರಿಯಾಳ ಕೈ ಹಿಡಿದು, ಪಾಸ್‌ಪೋರ್ಟುಗಳಿದ್ದ ಚೀಲವನ್ನಷ್ಟೇ ಎತ್ತಿಕೊಂಡು ಕಾರು ಹತ್ತಿದೆ. ಹಿಂದಿನಿಂದ ಅವನು ಕೂಗುತ್ತಿದ್ದ. ಮೊದಲು ಬೈಗುಳ, ಆಮೇಲೆ ನನ್ನ ಹೆಸರು, ಆಮೇಲೆ ನೀರು ನೀರು ಎಂದು. ನೋವಾಯ್‌ನ ಈ ಹೋಟೆಲಿಗೆ ಬಂದು ಇಳಿದೆವು.

ಶುಕ್ರವಾರ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ನಿನ್ನ ಕೇಸಿನ ಡಿಟೆಕ್ಟಿವ್ ಹೆಂಗಸನ್ನು ಕೇಳಿಕೊಂಡು ಕೂತೆ. ನನಗಿಂತ ದೊಡ್ಡವಳು, ಓದುವ ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡಿರುತ್ತಾಳೆ. ನನ್ನ ಎರಡು ಸುಳ್ಳುಗಳನ್ನು ಹಿಂದಕ್ಕೆ ಪಡೆಯಲು ಬಂದಿದ್ದೇನೆ ಎಂದೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನಿಮ್ಮ ಮೇಲೂ ಕೇಸ್ ಆಗಬಹುದು, ಬೇಕಿದ್ದರೆ ವಕೀಲರನ್ನು ಕರೆಸಿಕೊಳ್ಳಿ ಎಂದಳು. ಬೇಡ ಎಂದೆ. ಸಾಕ್ಷಿ ಏನಿದೆ ಎಂದು ಕೇಳಿದಳು. ನನ್ನ ಬಳಿ ಬಾಯಿಮಾತಲ್ಲದೆ ಏನಿದೆ ಎಂದು ಯೋಚಿಸುತ್ತಿರುವಾಗ, ಹೊರಗೆ ಕೂತಿದ್ದ ರಿಯಾ ಒಳಗೆ ಬಂದು ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಅವಳಪ್ಪ ಹಾಕಿದ ಹನ್ನೊಂದು ಚಿತ್ರಗಳು, ಹನ್ನೊಂದು ತಾರೀಖು. ಡಿಟೆಕ್ಟಿವ್ ನನ್ನ ಕ್ಲಿನಿಕ್ ಮತ್ತು ಎಮರ್ಜೆನ್ಸಿಯ ದಾಖಲೆಗಳನ್ನು ನನ್ನ ಫೋನಿನಿಂದಲೇ ತೆಗೆಸಿದಳು. ಮೆಟ್ಟಿಲಿನಿಂದ ಬಿದ್ದದ್ದು, ಬಾಗಿಲು ತಾಕಿದ್ದು, ಹಿಮದಲ್ಲಿ ಜಾರಿದ್ದು, ಎಲ್ಲ ಸೇರಿ ಏಳು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಬೆರಳಿಟ್ಟುಕೊಂಡು ಕೆಳಗಿಳಿದಳು. ಪ್ರತಿ ಗಾಯಕ್ಕೂ ಎರಡು, ಮೂರು ವಾರದ ನಂತರ ಒಂದೊಂದು ಹೊಸ ಗೆಳೆಯ. ಗೂಬೆಯ ಹತ್ತಿರ ಬಂದಾಗ ಬೆರಳು ನಿಂತಿತು. ಈ ಚಿತ್ರವನ್ನು ನಾನು ನೋಡಿದ್ದೆ, ನನ್ನ ಮಗಳಿಗೆ ಕಳಿಸಿದ್ದೆ ಎಂದು ತನಗೆ ತಾನೇ ಹೇಳಿಕೊಂಡಳು.

ನಿನ್ನನ್ನು ಬಂಧಿಸಿದ ದಿನ ತೆಗೆದ ಚಿತ್ರಗಳನ್ನು ದೊಡ್ಡದು ಮಾಡಿ ನಿನ್ನ ಕುತ್ತಿಗೆ ನೋಡಿದಳು. ಮಸುಕಾಗಿ ಬೆರಳಿನ ಗುರುತಿದೆ. ಆಮೇಲೆ ತನ್ನ ಟಿಪ್ಪಣಿ ಪುಸ್ತಕ ಮುಚ್ಚಿದಳು. ನಿಮ್ಮ ಗೆಳತಿ ತನ್ನ ಪ್ರಾಣ ಉಳಿಸಿಕೊಳ್ಳಲು ಹೊಡೆದಳು ಎಂದು ವಾದಿಸಲು ಇಷ್ಟು ಸಾಕು ಎಂದಳು. ಆದರೆ ಹೊಡೆದೆ ಎಂದು ಆಕೆಯೇ ಒಪ್ಪಿಕೊಂಡದ್ದರಿಂದ ಕೇಸು ಕೂಡಲೇ ಬೀಳುವುದಿಲ್ಲ, ನಡೆದು ಮುಗಿಯಲು ವರ್ಷವಾದೀತು, ಅಲ್ಲಿಯವರೆಗೆ ವೀಸಾ ಕಚೇರಿಯವರು ಏನು ಮಾಡುತ್ತಾರೋ ತನಗೆ ತಿಳಿಯದು ಎಂದಳು. ಅಂದು ಮಧ್ಯಾಹ್ನವೇ ಶ್ರೀಧರ್‌ನನ್ನು ಕರೆದುಕೊಂಡು ಹೋದರಂತೆ, ಊರುಗೋಲಿನ ಸಮೇತ. ರವಿಶಂಕರ ಅಂಕಲ್ ಫೋನ್ ಮಾಡುತ್ತಲೇ ಇದ್ದಾರೆ, ಎತ್ತಿಲ್ಲ.

ರಿಯಾ ಹಾಸಿಗೆಯ ಮೇಲೆ ಕೂತು ಪೇಪರ್ ಬಟ್ಟಲಿನಲ್ಲಿ ಮೊಸರನ್ನ ತಿನ್ನುತ್ತಿದ್ದಾಳೆ. ಲತಾ ಆಂಟಿಗೆ ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ನಡೆದದ್ದನ್ನು ಎಂದೆ. ಅವಳು ನಿನಗೆ ಒಂದು ಮಾತು ಸೇರಿಸಲು ಹೇಳಿದ್ದಾಳೆ: ನೀವು ಇನ್ನೊಂದು ಗಂಟೆ ಮೊದಲೇ ಬರಬೇಕಿತ್ತು, ಎಲ್ಲವನ್ನೂ ಒಡೆಯಬಹುದಿತ್ತು.

ನೀನು ನನ್ನನ್ನು ಮತ್ತೆ ನೋಡಬೇಕೆಂದು ನಾನು ಕೇಳುವುದಿಲ್ಲ. ಕೇಳುವ ಯೋಗ್ಯತೆ ಇದೆಯೇ ಎಂದು ದಿನಾ ಅಳೆದು ನೋಡುತ್ತೇನೆ. ನಿನ್ನ ಗಂಟಲು ಈಗ ಹೇಗಿದೆ, ಅದನ್ನಷ್ಟೇ ಲಾಯರ್ ಮೂಲಕ ತಿಳಿಸು.

ನಿನ್ನ
ನಿರುಪಮಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಇಲ್ಲಿಗೆ ಉಳಿಸಿಕೊಂಡದ್ದು: ಠಾಣೆಯಿಂದ ಹೊರಟು ಕಾರು ಸ್ಟಾರ್ಟ್ ಮಾಡಿದೆ. ಎಲ್ಲ ಹೇಳಿದೆಯಾ ಎಂದು ರಿಯಾ ಕೇಳಿದಳು, ಹೂಂ ಎಂದೆ. ಮೊದಲ ಸಿಗ್ನಲ್ ಹಸಿರಾದರೂ ಕಾರು ಮುಂದಕ್ಕೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ತಿರುಗಿಸಿಕೊಂಡು ಮತ್ತೆ ಒಳಗೆ ಹೋದೆ. ನಿನ್ನ ಎರಡೂ ಕೈ ನಿನ್ನ ಕುತ್ತಿಗೆಯಲ್ಲಿ ಅವನ ಬೆರಳು ಬಿಡಿಸುತ್ತಿದ್ದವು, ಸರಳು ಹಿಡಿದದ್ದು ಯಾವ ಕೈಯಿಂದ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಅವನಿಗೂ ಗೊತ್ತಿತ್ತು. ಹೆಂಡತಿ ಹೊಡೆದಳು ಎಂದು ಹೇಳಿಕೊಳ್ಳುವುದಕ್ಕಿಂತ ನಿನ್ನ ಹೆಸರು ಹೇಳುವುದು ಅವನಿಗೆ ಸುಲಭವಾಯಿತು. ನೀನು ನಾನು ಹೊಡೆದೆ ಎಂದದ್ದು ರಿಯಾಗೆ ತಾಯಿ ಉಳಿಯಲಿ ಎಂದು. ನಾನು ಅದನ್ನು ಐದು ವಾರ ನಿನ್ನಿಂದ ಪಡೆದುಕೊಂಡೆ. ಇನ್ನು ಬೇಡ. ಎಲ್ಲವನ್ನೂ ಬರೆಸಿ ಸಹಿ ಹಾಕಿದ್ದೇನೆ. ಸೋಮವಾರ ನನ್ನ ಮೇಲೆ ಆರೋಪ ದಾಖಲಾಗುತ್ತದೆ, ನಿನ್ನ ಮೇಲಿನದನ್ನು ಕೈಬಿಡುತ್ತಾರಂತೆ. ವಾದ ಮಾಡಬೇಡ. ನಿನಗೂ ತಿಳಿಯದ ಒಂದನ್ನು ಆ ಡಿಟೆಕ್ಟಿವ್‌ಗೆ ಹೇಳಿದೆ: ನೀನು ಕೆಳಗೆ ಕುಸಿದು ಕೆಮ್ಮುತ್ತಿದ್ದಾಗ ನಾನು ಇನ್ನೊಂದು ಸಲ ಹೊಡೆದೆ. ಮೊದಲ ಏಟಿಗೆ ಅವನು ಬಿದ್ದಿದ್ದ, ನಿನ್ನನ್ನು ಬಿಟ್ಟಿದ್ದ. ಮೂಳೆ ಒಡೆದದ್ದು ಎರಡನೆಯದಕ್ಕೆ. ಮೊದಲನೆಯದು ನಿನ್ನ ಕುತ್ತಿಗೆಗಾಗಿ ಎಂದು ಬರೆದುಕೊಂಡಳು. ಎರಡನೆಯದಕ್ಕೆ ಕಾರಣ ಕೇಳಿದಳು. ಇಲ್ಲ ಎಂದೆ.